ಸಾರಥಿಗೆ ಕಲಿಸಿದ್ದು

ಜಿಕ್ರಾ ಕುದುರೆಯ ಜಡೆ ಬಿಚ್ಚುತ್ತಿದ್ದಳು.

ಅದರ ಕತ್ತಿನ ಕೂದಲನ್ನು ನಿನ್ನೆ ಬೆಳಿಗ್ಗೆ ಅವಳೇ ಸಣ್ಣ ಸಣ್ಣ ಜಡೆಯಾಗಿ ಹೆಣೆದು, ಒಂದೊಂದಕ್ಕೂ ಜರಿ ಸುತ್ತಿ, ತುದಿಗೆ ಗುಲಾಬಿ ಮೊಗ್ಗು ಸಿಕ್ಕಿಸಿದ್ದಳು. ಈಗ ಮೊಗ್ಗುಗಳು ಬಾಡಿ ಕಪ್ಪಾಗಿದ್ದವು. ಜರಿಯನ್ನು ಒಮ್ಮೆಲೇ ಎಳೆದರೆ ಕೂದಲೂ ಕಿತ್ತು ಬರುತ್ತದೆಂದು ಉಗುರಿನಿಂದ ಒಂದೊಂದೇ ಸುತ್ತು ಬಿಡಿಸಿ ಕಾಲ ಬಳಿಯ ಬೋಗುಣಿಗೆ ಹಾಕುತ್ತಿದ್ದಳು. ಈ ಕೆಲಸ ಮಾಡು ಅಂತ ಯಾರೂ ಹೇಳಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಅವಳ ದಾದಿ, ಅಬ್ಬಾನ ತಾಯಿ ಆಮಿನಾಬಿ, ಜಪಮಾಲೆ ಹಿಡಿದು ಕೂತಿದ್ದರು. ಬೆರಳುಗಳ ನಡುವೆ ಮಣಿ ಸರಿಯುತ್ತಿರಲಿಲ್ಲ.

ಕುದುರೆ ಮಾತ್ರ ದಿನದಂತೆ ಹುರುಳಿ ತಿನ್ನುತ್ತಿತ್ತು. ಬಕೆಟ್ಟಿನ ತಳಕ್ಕೆ ಮೂತಿ ತಿಕ್ಕಿ, ಒಮ್ಮೆ ಫುರ್ರೆಂದು ಉಸಿರು ಬಿಟ್ಟು, ಜಿಕ್ರಾಳ ಭುಜಕ್ಕೆ ಗಲ್ಲ ಒರೆಸಿಕೊಂಡಿತು. ಅದರ ಕಣ್ಣಲ್ಲಿ ಪಶ್ಚಾತ್ತಾಪವಿಲ್ಲ, ಭಯವಿಲ್ಲ, ಸಿಟ್ಟೂ ಇಲ್ಲ. ಜಿಕ್ರಾ ಬೆಳಗಾದಾಗಿನಿಂದ ಆ ಕಣ್ಣನ್ನೇ ನೋಡುತ್ತಿದ್ದಳು. ಅಬ್ಬಾ ಮೈಸೂರಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ನುಚ್ಚಾಗಿ ಮಲಗಿದ್ದರು. ಅಮ್ಮಿ ಅವರ ಕಾಲ ಬಳಿ ಇದ್ದಳು. ನುಚ್ಚು ಮಾಡಿದ್ದು ಇಲ್ಲಿ ನಿಂತು ಹುರುಳಿ ತಿನ್ನುತ್ತಿತ್ತು.

ಬೆಳಗಿನ ಜಾವ ಅಣ್ಣ ವಕಾರ್ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ಗಡಿಯ ಬಾವಲಿ ಊರಿನ ಕಡೆಯ ಒಬ್ಬ ವ್ಯಾಪಾರಿಗೆ ಹೇಳಿದ್ದೇನೆ, ಮಧ್ಯಾಹ್ನದ ಹೊತ್ತಿಗೆ ಲಾರಿ ಬರುತ್ತದೆ, ಹತ್ತಿಸಿ ಕಳಿಸಿಬಿಡುತ್ತೇನೆ ಅಂದ. ಕಾಡು ದಾಟಿ ಕೇರಳಕ್ಕೆ ಹೋಗುವ ಲಾರಿಯಲ್ಲಿ ಮುದಿ ಕುದುರೆಯನ್ನು ಯಾಕೆ ಒಯ್ಯುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ದಾದಿ ಫೋನಿಗೆ ಬಾಯಿಟ್ಟು, "ನಟರಾಜು ಬರಲಿ ಕಣೋ. ಅದನ್ನ ಸಾಕಿದವನು ಅವನು. ಒಂದು ಮಾತು ಕೇಳು," ಎಂದಿದ್ದರು. ಅತ್ತಲಿಂದ ವಕಾರ್, "ಸರಿ. ಇದು ಇನ್ನೊಂದು ಸಲ ಹೀಗೆ ಮಾಡಲ್ಲ ಅಂತ ಅವರು ನನ್ನ ಮುಖ ನೋಡಿ ಹೇಳಲಿ. ಹೇಳಿದರೆ ಇರುತ್ತೆ. ಇಲ್ಲದಿದ್ದರೆ ಹೋಗುತ್ತೆ," ಎಂದು ಫೋನ್ ಇಟ್ಟಿದ್ದ.

ಅದು ಇದ್ದರೆ ಸಾಕು ಅಂತ ಜಿಕ್ರಾಳಿಗೆ ಅನಿಸುತ್ತಿತ್ತು. ಹಾಗೆ ಅನಿಸುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಅಪ್ಪನ ಮೂಳೆ ಮುರಿದ ಕುದುರೆಗಾಗಿ ಯಾವ ಮಗಳು ದುವಾ ಮಾಡುತ್ತಾಳೆ?

ಆದರೆ ಈ ಮನೆಯಲ್ಲಿ ಅವಳ ಮಾತು ಪೂರ್ತಿ ಕೇಳಿಸಿಕೊಂಡವರೆಂದರೆ ಈ ಕುದುರೆ ಒಂದೇ. ಎಂಟನೇ ಕ್ಲಾಸು ಮುಗಿಸಿ ಮನೆಯಲ್ಲುಳಿದ ಹುಡುಗಿ ಅವಳು. ಯಾರಾದರೂ ಮನೆಗೆ ಬಂದರೆ ಬಾಗಿಲ ಪರದೆಯ ಹಿಂದೆ ನಿಂತು ನೋಡುವವಳು. ನೆರೆಯವರ ಹುಡುಗಿ ನಿಶತ್ ಬಾಯಿ ತುಂಬ ಮಾತಾಡಿದರೆ ಇವಳು ಕಣ್ಣು ತುಂಬ ನೋಡುವವಳು. ಆ ನಿಶತ್‌ಳ ಮದುವೆಯೇ ನಿನ್ನೆ ಇದ್ದದ್ದು.

ಇಷ್ಟಕ್ಕೂ ಈ ಕುದುರೆ ಮನೆಗೆ ಬಂದದ್ದು ಇನ್ನೊಂದು ಕುದುರೆಯ ದೆಸೆಯಿಂದ.

ಜಿಕ್ರಾಳ ಅಬ್ಬಾ ಖದೀರರ ಅಪ್ಪ ಹುಣಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಆಟೋಗಳು ಬಂದ ಮೇಲೆ ಗಾಡಿ ಸೌದೆಯಾಯಿತು, ಕುದುರೆ ಮದುವೆಮನೆಗಳ ಪಾಲಾಯಿತು. ಖದೀರರು ಅದೇ ಕಸುಬು ಹಿಡಿದರು. ಕೆ.ಆರ್. ನಗರವೋ, ಪಿರಿಯಾಪಟ್ಟಣವೋ, ಯಾರ ಮನೆಯ ಮದುಮಗನಾದರೂ ಸರಿ, ಕುದುರೆ ಹತ್ತಬೇಕಾದರೆ ಖದೀರ್ ಸಾಬರಿಗೇ ಹೇಳಿಕಳಿಸುತ್ತಿದ್ದರು. ಅವರ ಬಳಿ ರಾಣಿ ಅನ್ನುವ ಬಿಳಿ ಹೆಣ್ಣು ಕುದುರೆ ಇತ್ತು. ಚೆಂದದ್ದು, ಆದರೆ ಪುಕ್ಕಲು. ಬಿಳಿಕೆರೆಯ ಒಂದು ಮದುವೆಯಲ್ಲಿ ಯಾರೋ ಅದರ ಕಾಲ ಬಳಿ ಪಟಾಕಿ ಸರ ಹಚ್ಚಿದ್ದೇ ತಡ, ರಾಣಿ ಮದುಮಗನನ್ನು ಹೊತ್ತುಕೊಂಡು ಹೆದ್ದಾರಿ ದಾಟಿ ಶುಂಠಿ ಹೊಲಕ್ಕೆ ಬಿತ್ತು. ಪೇಟ, ಬಾಸಿಂಗ ಎಲ್ಲ ಕೆಸರಾದ ಮದುಮಗನನ್ನು ಆಳುಗಳು ಎತ್ತಿಕೊಂಡು ಬಂದರು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾದದ್ದು ಖದೀರರ ಹೆಸರಿಗೆ. ಆಮೇಲೆ ಅವರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋದರೆ ಸಾಕು, ಯಾರಾದರೊಬ್ಬರು ಕೇಳುವರು:

"ಏನ್ ಸಾಬ್ರೇ, ಈ ವರ್ಸ ಸುಂಠಿ ಬೆಳೆ ಎಂಗೈತೆ?"

ಖದೀರರು ನಗುತ್ತಲೇ ಟೀ ಕುಡಿದು ಬರುವರು. ಮನೆಗೆ ಬಂದು ಊಟ ಬಿಡುವರು.

ಅದೇ ಟೀ ಅಂಗಡಿಯಲ್ಲಿ ಸಿಕ್ಕಿದವರು ನಟರಾಜು. ಗಾವಡಗೆರೆಯವರು. ಮೈಸೂರು ನಗರದ ಪೊಲೀಸ್ ಕುದುರೆ ದಳದಲ್ಲಿ ತಲೆ ಕೂದಲು ನರೆಯುವವರೆಗೆ ಸವಾರರಾಗಿದ್ದು, ನಿವೃತ್ತರಾಗಿ ಊರಿಗೆ ಬಂದು ಹೊಗೆಸೊಪ್ಪು ಹಾಕಿಕೊಂಡಿದ್ದರು. ಈಗಲೂ ಹೆಗಲು ಸೆಟೆಸಿ, ಕಾಲು ಅಗಲಿಸಿ ನಡೆಯುತ್ತಿದ್ದರು. ನೆಲದ ಮೇಲೆ ನಡೆಯುವುದು ಅವರಿಗೆ ಒಗ್ಗಿಲ್ಲ ಎಂದು ಜಿಕ್ರಾಳಿಗೆ ಪರದೆಯ ಹಿಂದಿನಿಂದ ಕಂಡಿತ್ತು.

"ನಂದೇ ಕುದ್ರೆ ಹರಾಜಿಗೆ ಬತ್ತಾ ಐತೆ ಸಾಬ್ರೆ," ಎಂದಿದ್ದರು ನಟರಾಜು. "ಸಾರಥಿ ಅಂತ ಎಸ್ರು. ಚಿಕ್ಕದ್ರಲ್ಲಿ ಬೂದಿ ಬಣ್ಣ ಇತ್ತು, ವಯಸ್ಸಾಯ್ತಾ ಆಯ್ತಾ ಬೆಳ್ಳಗಾಯ್ತು. ನೀವು ಕಿವಿ ತಾವ ಬಾಂಬ್ ಒಡೀರಿ, ರೆಪ್ಪೆ ಬಡಿಯಕಿಲ್ಲ. ಜನ, ತಮಟೆ, ಬೆಂಕಿ, ಏನ್ ಬಂದ್ರೂ ಇಂದಕ್ಕೆ ಎಜ್ಜೆ ಇಡಕಿಲ್ಲ. ಮದ್ವೆ ಮೆರವಣಿಗೆ ಅದ್ಕೆ ಮಕ್ಕಳಾಟ."

ಖದೀರರು ರಾಣಿಯನ್ನು ಮಾರಿ, ಕೈಯಲ್ಲಿದ್ದುದನ್ನೂ ಸೇರಿಸಿ ಹರಾಜಿನಲ್ಲಿ ಸಾರಥಿಯನ್ನು ಕೊಂಡು ಗಾಡಿಯಲ್ಲಿ ತಂದರು. ಮನೆ ಮುಂದೆ ಇಳಿಸಿದಾಗ ಅದು ಸುತ್ತಲಿನ ಜನರ ಗದ್ದಲಕ್ಕೆ ತಲೆಯನ್ನೂ ತಿರುಗಿಸದೆ, ಕಾವಲಿಗೆ ನಿಂತವರಂತೆ ನೆಟ್ಟಗೆ ನಿಂತಿತು. ದಾದಿ ಹೊರಗೆ ಬಂದು ನೋಡಿ, "ಇದಕ್ಕೆ ಸಲಾಂ ಹೊಡೀಬೇಕೋ, ಹುಲ್ಲು ಹಾಕಬೇಕೋ?" ಎಂದರು.

ಮದುವೆಗೆ ಕಳಿಸುವ ಮೊದಲು ಪರೀಕ್ಷೆ ಆಗಬೇಕೆಂದು ಹಟ ಹಿಡಿದದ್ದು ವಕಾರ್. ರಾಣಿ ಕಲಿಸಿದ ಪಾಠ. ಪ್ರತಿ ಭಾನುವಾರ ಅವನ ಗೆಳೆಯರೆಲ್ಲ ಅಂಗಳಕ್ಕೆ ಬರುವರು. ಒಬ್ಬ ಎಣ್ಣೆ ಡಬ್ಬ ಬಡಿಯುವನು, ಒಬ್ಬ ಸೀಟಿ ಊದುವನು, ಇಬ್ಬರು ಹಳೇ ಬೆಡ್‌ಶೀಟನ್ನು ಎರಡು ಕಡೆ ಹಿಡಿದು ಅದರ ಮುಖದ ಮುಂದೆ ಆಡಿಸುವರು. ಮಿಕ್ಕವರು ಸಾಲಾಗಿ ನಿಂತು ಮನಸ್ಸಿಗೆ ಬಂದದ್ದು ಕೂಗುವರು. ಸಾರಥಿ ಬೆದರುತ್ತಿರಲಿಲ್ಲ. ಕಿವಿ ಮುಂದಕ್ಕೆ ಮಾಡಿ, ಬದಿಗೆ ತಿರುಗಿ, ಭುಜ ಕೊಟ್ಟು ಅವರತ್ತಲೇ ನಡೆದು ಬರುತ್ತಿತ್ತು. ಅದು ಹತ್ತಿರ ಬರುತ್ತಲೂ ಹುಡುಗರು ಹೋ ಎಂದು ಚದುರಿ ಓಡುವರು.

"ಲೇ, ಪೊಲೀಸ್ ಕಣ್ರೋ, ಲಾಠಿ ಒಂದು ಕೊಟ್ಟಿಲ್ಲ ಅಷ್ಟೇ."

"ನಿನ್ ಮೇಲೆ ಕೇಸ್ ಐತೆ ಅಂತ ಅದಕ್ಕೂ ಗೊತ್ತು ಕಣ್ಲಾ."

ಎಲ್ಲರೂ ನಗುವರು. ಅಬ್ಬಾನ ಮುಖ ಅರಳುವುದು. ಆಗ ಅವರು ಜೇಬಿನಿಂದ ಬೆಲ್ಲದ ಚೂರು ತೆಗೆದು ಜಿಕ್ರಾಳ ಕೈಗೆ ಕೊಡುವರು. ಜಿಕ್ರಾ ಪರದೆ ಸರಿಸಿ ಅಂಗಳಕ್ಕೆ ಬಂದು, ಹುಡುಗರ ಕಡೆ ನೋಡದೆ, ಕುದುರೆಯ ಬಾಯಿಗೆ ಬೆಲ್ಲ ಇಡುವಳು. ಶಹಬ್ಬಾಸ್ ಅಂತ ಅದರ ಕತ್ತು ತಟ್ಟುವಳು. ಅಷ್ಟು ಜನರ ಮುಂದೆ ಅವಳು ಹೊರಗೆ ಬರುತ್ತಿದ್ದದ್ದು ಆ ಒಂದು ಕೆಲಸಕ್ಕೆ ಮಾತ್ರ. ಬರಬರುತ್ತ ಅವಳು ಮೈದಡವುವಾಗ ಅದು ಬೇರೆಯವರಿಗೆ ಅಡ್ಡವಾಗಿ ನಿಲ್ಲತೊಡಗಿತು. ಹಾಲಿನವನು ಬಂದರೂ ಸರಿ, ಗ್ಯಾಸಿನವನು ಬಂದರೂ ಸರಿ, ಅವಳಿಗೂ ಅವರಿಗೂ ನಡುವೆ ತನ್ನ ದೊಡ್ಡ ಮೈ ತಂದು ನಿಲ್ಲಿಸುತ್ತಿತ್ತು. ಇದಕ್ಕೆ ನನ್ನ ಮೇಲೆ ಪ್ರಾಣ ಅಂತ ಅವಳು ಅಂದುಕೊಂಡಿದ್ದಳು. ನಿಶತ್‌ಗೂ ಹೇಳಿದ್ದಳು. ನಿಶತ್ ನಕ್ಕು, "ನಿನಗೆ ಗಂಡು ಹುಡುಕೋ ಕೆಲಸ ತಪ್ಪಿತು ಬುಡು," ಅಂದಿದ್ದಳು.

ನಾಲ್ಕಾರು ಮದುವೆಗಳು ಚೆನ್ನಾಗಿಯೇ ಆದವು. ಹಾರನಹಳ್ಳಿಯಲ್ಲಿ ಪಟಾಕಿ ಹೊಗೆಯಲ್ಲಿ ಕುದುರೆಯೇ ಕಾಣದಂತಾದರೂ ಸಾರಥಿ ಅಲ್ಲಾಡಲಿಲ್ಲ. ಟೀ ಅಂಗಡಿಯಲ್ಲಿ ಶುಂಠಿಯ ಮಾತು ನಿಂತಿತು. ಪ್ರತಿ ಮದುವೆಯ ಕೊನೆಗೂ ಖದೀರರು ತಮ್ಮ ಮೇಲು ಜೇಬಿನಿಂದ ಬೆಲ್ಲ ತೆಗೆದು ಕೊಡುತ್ತಿದ್ದರು. ಅದಕ್ಕೂ ಗೊತ್ತಾಗಿತ್ತು, ಗದ್ದಲ ಮುಗಿದ ಮೇಲೆ ಬೆಲ್ಲ ಎಲ್ಲಿ ಸಿಗುತ್ತದೆಂದು.

ನಿನ್ನೆ ನಿಶತ್‌ಳ ಮದುವೆ. ಗಂಡು ಕೆ.ಆರ್. ನಗರದ ಉಮರ್, ಬಟ್ಟೆ ಅಂಗಡಿಯವನು. ನಮ್ಮ ಹುಡುಗಿಯ ಮದುವೆ, ಕುದುರೆ ನಮ್ಮ ಕಡೆಯ ಉಡುಗೊರೆ ಎಂದು ಅಬ್ಬಾ ಹೇಳಿದ್ದರು. ಸೇತುವೆಯ ಆಚೆಯಿಂದ ಮೆರವಣಿಗೆ ಹೊರಟು, ಇಳಿಹೊತ್ತಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಮದುವೆ ಹಾಲಿನ ಗೇಟಿಗೆ ಬಂತು. ಜಿಕ್ರಾ ಹೆಂಗಸರ ಜೊತೆ ಮಹಡಿಯಲ್ಲಿದ್ದಳು. ಕಿಟಕಿಯ ಜಾಲರಿಗೆ ಹಣೆ ಹಚ್ಚಿ ಕೆಳಗೆ ನೋಡುತ್ತಿದ್ದಳು. ಸಾರಥಿಯ ಬೆನ್ನ ಮೇಲೆ ಹಸಿರು ಮಖಮಲ್ಲು, ಅದರ ಮೇಲೆ ಹೂವಿನ ಸೆಹರಾದಲ್ಲಿ ಮುಖ ಮುಚ್ಚಿ ಕೂತ ಉಮರ್, ಲಗಾಮು ಹಿಡಿದು ಬಿಳಿ ಶರ್ಟಿನಲ್ಲಿ ಅಬ್ಬಾ.

ಗೇಟಿನಲ್ಲಿ ಹೆಣ್ಣಿನ ಕಡೆಯ ಹುಡುಗರು ತಡೆದರು. ಅದು ವಾಡಿಕೆ. ಮದುಮಗಳ ಅಣ್ಣತಮ್ಮಂದಿರು ಅಡ್ಡಲಾಗಿ ಒಂದು ದುಪಟ್ಟಾ ಹಿಡಿದು, ಒಬ್ಬರ ತೋಳಿಗೆ ಒಬ್ಬರು ತೋಳು ಸೇರಿಸಿ ಸಾಲಾಗಿ ನಿಲ್ಲುತ್ತಾರೆ. ಗಂಡಿನ ಕಡೆಯವರು ಏನಾದರೂ ಕೊಟ್ಟು ಒಪ್ಪಿಸುವವರೆಗೆ ಬಿಡುವುದಿಲ್ಲ. ಕೊಡುವುದಿಲ್ಲ ಅಂತ ಇವರು, ಬಿಡುವುದಿಲ್ಲ ಅಂತ ಅವರು. ಕೂಗಿಗೆ ಕೂಗು, ಶಿಳ್ಳೆಗೆ ಶಿಳ್ಳೆ. ಬ್ಯಾಂಡಿನವರು ಡೋಲು ಜೋರು ಮಾಡಿದರು.

"ನಡೀರಿ ನಡೀರಿ, ಕೆ.ಆರ್. ನಗರಕ್ಕೆ ವಾಪಸ್ ಬಸ್ ಐತೆ."

"ಲೇ, ಅಳಿಯನ್ನ ಬಿಸ್ಲಲ್ಲಿ ಒಣಗಿಸ್ತೀರೇನ್ಲಾ?"

ಮಹಡಿಯ ಹೆಂಗಸರೆಲ್ಲ ನಗುತ್ತಿದ್ದರು. ಜಿಕ್ರಾಳೂ ನಗುತ್ತಿದ್ದಳು. ಆಗ ಅವಳು ಸಾರಥಿಯ ಕಿವಿಗಳನ್ನು ನೋಡಿದಳು. ಎರಡೂ ಮುಂದಕ್ಕೆ ಬಂದು ಗೂಟ ಹೊಡೆದಂತೆ ನಿಂತವು. ತಲೆ ತುಸು ಕೆಳಗೆ ಬಂತು. ಆಮೇಲೆ ಅದು ಬದಿಗೆ ತಿರುಗಿತು.

ಅದು ಓಡಲಿಲ್ಲ, ಎಗರಲಿಲ್ಲ, ಕೆನೆಯಲೂ ಇಲ್ಲ. ರಾಣಿಯಂತೆ ಹುಚ್ಚೆದ್ದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು, ದೂರ ಸರಿಯುತ್ತಿದ್ದರು. ಇದು ನಿಧಾನವಾಗಿ, ಅಡ್ಡಡ್ಡಕ್ಕೆ ಕಾಲು ಹಾಕುತ್ತ, ಭುಜ ಕೊಟ್ಟು ಸಾಲಿನೊಳಕ್ಕೆ ಒತ್ತಿಕೊಂಡು ಬಂತು. ಹುಡುಗರು ಇದೂ ಆಟವೆಂದುಕೊಂಡರು. "ಪೊಲೀಸ್ ಬಂತು ಪೊಲೀಸ್ ಬಂತು," ಎಂದು ಕೂಗಿದರು, ಮತ್ತೂ ಗಟ್ಟಿಯಾಗಿ ತೋಳು ಹಿಡಿದುಕೊಂಡು ಎದೆ ಕೊಟ್ಟರು. ಉಮರ್ ಹೆದರಿ ಎರಡೂ ಹಿಮ್ಮಡಿಗಳಿಂದ ಅದರ ಪಕ್ಕೆ ಅವುಚಿಕೊಂಡ. ಅದು ಇನ್ನೊಂದು ಹೆಜ್ಜೆ ಹಾಕಿತು. ದುಪಟ್ಟಾ ಹರಿಯಿತು. ಸಾಲು ಒಡೆದು ಹುಡುಗರು ಅತ್ತಿತ್ತ ಉರುಳಿ ಎದ್ದು ಓಡಿದರು. ಅಬ್ಬಾ ಓಡಲಿಲ್ಲ. ಲಗಾಮು ಅವರ ಕೈಯಲ್ಲಿತ್ತು. ಬಿಟ್ಟರೆ ಮೇಲಿರುವ ಮದುಮಗನ ಗತಿ ಏನು? ಎರಡು ಕೈಯಲ್ಲೂ ಲಗಾಮು ಹಿಡಿದು, ಹಿಂದಕ್ಕೆ ಹೆಜ್ಜೆ ಇಡುತ್ತ, "ಬಸ್ ಬೇಟಾ, ಬಸ್, ಸಾಕು ನಿಲ್ಲು," ಎನ್ನುತ್ತ ಬಂದರು. ಅವರ ಬೆನ್ನು ಗೇಟಿನ ಕಲ್ಲು ಕಂಬಕ್ಕೆ ತಾಗಿತು. ಕುದುರೆಗೆ ಅದು ತಿಳಿಯಲಿಲ್ಲ. ಅಥವಾ ತಿಳಿಯಿತೋ. ಅದು ಒತ್ತಿತು.

ಡೋಲಿನ ಸದ್ದಿನಲ್ಲೂ ಒಂದು ಸದ್ದು ಮಹಡಿಗೆ ಕೇಳಿಸಿತು. ಹಸಿ ಬಿದಿರು ಮುರಿದಂಥದ್ದು.

ಅಬ್ಬಾ ಕೂಗಲಿಲ್ಲ. ಬಾಯಿ ತೆರೆದಿತ್ತು, ಸ್ವರ ಬರಲಿಲ್ಲ. ಡೋಲು ನಿಂತಿತು. ಎದುರಿಗೆ ಯಾರೂ ಉಳಿದಿರಲಿಲ್ಲವಾದ್ದರಿಂದ ಸಾರಥಿಯೂ ನಿಂತಿತು. ತನ್ನ ಭುಜಕ್ಕೂ ಕಂಬಕ್ಕೂ ನಡುವೆ ಸಿಕ್ಕಿಕೊಂಡ ಮನುಷ್ಯನ ಕಡೆ ತಲೆ ತಿರುಗಿಸಿತು. ಆಮೇಲೆ ಅದು ಮಾಡಿದ್ದನ್ನು ಜಿಕ್ರಾ ಯಾರಿಗೂ ಹೇಳಿರಲಿಲ್ಲ. ಕೆಳಗಿದ್ದವರು ಉಮರನನ್ನು ಇಳಿಸುವ ಗಡಿಬಿಡಿಯಲ್ಲಿ ನೋಡಿರಲೂ ಇಲ್ಲ. ಅದು ಮೆಲ್ಲಗೆ, ತುಟಿ ಚಾಚಿ, ಅಬ್ಬಾನ ಶರ್ಟಿನ ಮೇಲು ಜೇಬನ್ನು ಮೂಸಿತು. ಬೆಲ್ಲ ಹುಡುಕಿತು.

ಜಿಕ್ರಾ ಆ ಕ್ಷಣದಿಂದ ಈವರೆಗೆ ಅತ್ತಿರಲಿಲ್ಲ. ಅಳು ಬರುವ ಜಾಗದಲ್ಲಿ ಆ ತುಟಿ ಇತ್ತು.

ನಟರಾಜು ಬಂದಾಗ ಅವಳ ಕೈಯಲ್ಲಿ ಕೊನೆಯ ಜಡೆ ಇತ್ತು. ಅವರು ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಸಾವಿನ ಮನೆಗೆ ಬಂದಂತೆ. ಸಾರಥಿ ಅವರ ನಡಿಗೆಯ ಸದ್ದಿಗೇ ಬಕೆಟ್ಟು ಬಿಟ್ಟು ತಲೆ ಎತ್ತಿ, ನಾಲ್ಕೂ ಕಾಲು ಸಮ ಮಾಡಿ ನಿಂತಿತು. ಅವರು ಅದರ ಕಡೆ ನೋಡದೆ ಮೊದಲು ದಾದಿಯ ಬಳಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಎಂಗವ್ರೆ ಅಮ್ಮ?"

"ಆಪರೇಷನ್ ಮಾಡಬೇಕಂತೆ," ಅಂದರು ದಾದಿ. "ಪ್ರಾಣಕ್ಕೆ ಏನೂ ಇಲ್ಲ ಅಂದರು. ನಡೆಯೋದು ಮಾತ್ರ ಹೇಳೋಕಾಗಲ್ಲ ಅಂದರು."

ನಟರಾಜು ಟವೆಲ್ಲಿನಿಂದ ಬಾಯಿ ಒತ್ತಿಕೊಂಡರು. ಆಮೇಲೆ ಎದ್ದು ಬಂದು ಕುದುರೆಯ ಮೈಯೆಲ್ಲ ಸವರಿ ನೋಡಿದರು, ಪ್ರತಿ ಕಾಲನ್ನೂ ಎತ್ತಿ ಗೊರಸು ನೋಡಿದರು. ಹುಷಾರು ತಪ್ಪಿದೆಯೇ, ಎಲ್ಲಾದರೂ ನೋವಿದೆಯೇ ಎಂದು ಹುಡುಕುತ್ತಿದ್ದರು. ಒಂದು ಗಾಯ ಸಿಕ್ಕಿದರೆ ಚೆನ್ನಾಗಿತ್ತು ಅನ್ನುವಂತೆ ಹುಡುಕುತ್ತಿದ್ದರು. ಸಿಗಲಿಲ್ಲ.

"ಏನಾಯ್ತು ಕಣವ್ವ? ನೀನು ನೋಡ್ದಾ?"

ಜಿಕ್ರಾ ತಲೆ ಆಡಿಸಿದಳು. ಪರದೆ ಇಲ್ಲದೆ, ಹೊರಗಿನ ಗಂಡಸಿನ ಎದುರು ನಿಂತು ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಸಾಲು, ದುಪಟ್ಟಾ, ಕಿವಿ, ಭುಜ, ಕಂಬ, ಎಲ್ಲ ಹೇಳಿದಳು. ತುಟಿಯನ್ನೂ ಹೇಳಿದಳು. ನಟರಾಜು ಕೇಳುತ್ತ ಕೇಳುತ್ತ ಗೂಟಕ್ಕೆ ಕೈ ಊರಿದರು.

"ತೋಳಿಗೆ ತೋಳು ಸೇರಿಸ್ಕಂಡಿದ್ರಾ?"

"ಹೂಂ."

"ಮುಂದೆ ಬಟ್ಟೆ ಇಡ್ಕಂಡಿದ್ರು. ಮದುಮಗ ಕಾಲಲ್ಲಿ ಒತ್ತಿದ್ನಾ?"

"ಹೆದರಿ ಒತ್ತಿದ್ರು."

"ಇದಕ್ಕೆ ಮುಂಚೆ ಯಾವತ್ತಾದ್ರೂ ಇಂಗೆ ಮಾಡಿತ್ತಾ? ಮನೇಲಿ?"

ಜಿಕ್ರಾ ಭಾನುವಾರಗಳ ಪರೀಕ್ಷೆಯನ್ನು ಹೇಳಿದಳು. ಡಬ್ಬ, ಸೀಟಿ, ಬೆಡ್‌ಶೀಟು. ಹುಡುಗರು ಓಡಿದ್ದು. ತಾನು ಬಂದು ಬೆಲ್ಲ ಕೊಡುತ್ತಿದ್ದದ್ದು. ನಟರಾಜು ಮೆಟ್ಟಿಲವರೆಗೂ ನಡೆದು ದಾದಿಯ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟರು.

"ಏನು ಸರ್?" ಅಂದಳು ಜಿಕ್ರಾ.

ಅಷ್ಟರಲ್ಲಿ ವಕಾರ್ ಆಸ್ಪತ್ರೆಯಿಂದ ಬಂದ. ನಿನ್ನೆಯ ಮದುವೆ ಬಟ್ಟೆಯಲ್ಲೇ ಇದ್ದ. ತೋಳಿನ ಮೇಲೆ ಆಸ್ಪತ್ರೆಯ ಗೋಡೆಗೆ ಒರಗಿದ ಸುಣ್ಣ ಹಾಗೇ ಇತ್ತು. ಯಾರಿಗೂ ಸಲಾಂ ಹೇಳದೆ ಗೇಟಿಗೆ ಒರಗಿ ನಿಂತು, "ಕೇಳಿಸಿಕೊಳ್ತಿದೀನಿ, ಹೇಳಿ," ಅಂದ.

"ದಳದಲ್ಲಿ ನಾವು ಅಂಗೇ ಕಲ್ಸೋದು ಕಣಪ್ಪ," ಎಂದರು ನಟರಾಜು. ನೆಲ ನೋಡುತ್ತಲೇ ಹೇಳಿದರು. "ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ನಮ್ಮೋರೇ ಲುಂಗಿ ಉಟ್ಕಂಡು ಎದ್ರಿಗೆ ಸಾಲು ನಿಲ್ಲೋರು. ಬ್ಯಾನರ್ ಇಡ್ಕಂಡು ಧಿಕ್ಕಾರ ಅಂತ ಕೂಗೋರು, ಡಬ್ಬ ಬಡಿಯೋರು. ನಾವು ಮೇಲೆ ಕೂತು ಇಮ್ಮಡಿ ಒತ್ತಿದ್ರೆ ಇದು ಬುಜ ಕೊಟ್ಟು ನುಗ್ಬೇಕು. ಇದು ನುಗ್ತಿದ್ದಂಗೇ ಅವ್ರು ಓಡ್ಬೇಕು. ಓಡುದ್ರಾ, ಬೆಲ್ಲ. ಅದೇ ದಿನಾ. ನೀವು ಅದ್ಕೆ ಬೆದರದೇ ಇರೋದು ಕಲಿಸ್ತಾ ಇದೀವಿ ಅಂದ್ಕಂಡ್ರಿ. ಅದು ಮರೆತಿತ್ತೋ ಏನೋ, ಮತ್ತೆ ನೆಪ್ಪು ಮಾಡಿಕೊಟ್ರಿ."

ಜಿಕ್ರಾ ತನ್ನ ಅಂಗೈ ನೋಡಿಕೊಂಡಳು. ಭಾನುವಾರಗಳೆಲ್ಲ ಒಂದೊಂದಾಗಿ ಬಂದು ಆ ಅಂಗೈ ಮೇಲೆ ನಿಂತವು. ಆ ದಪ್ಪ ತುಟಿ ಬಂದು ಬೆಲ್ಲ ಎತ್ತಿಕೊಳ್ಳುತ್ತಿದ್ದದ್ದು, ಆ ಬಿಸಿ ಉಸಿರು. ಹಾಲಿನವನಿಗೆ, ಗ್ಯಾಸಿನವನಿಗೆ ಅದು ಮೈ ಅಡ್ಡ ತಂದದ್ದು. ಅದು ತನ್ನ ಮೇಲಿನ ಪ್ರಾಣವಾಗಿರಲಿಲ್ಲವೇ? ಅದೂ ಮೈದಾನದಲ್ಲಿ ಕಲಿಸಿದ್ದೇ?

"ನೀವೇ ಅಲ್ವಾ ಮಕ್ಕಳಾಟ ಅಂದಿದ್ದು?" ಅಂದ ವಕಾರ್.

"ಊಂ ಕಣಪ್ಪ. ನಾನೇ ಅಂದಿದ್ದು. ಅದು ಬೆದರಕಿಲ್ಲ ಅನ್ನೋದೊಂದೇ ನನ್ ತಲೇಲಿತ್ತು. ಮೇಲೆ ಕೂತಿರೋನಿಗೆ ಅಷ್ಟೇ ಕಾಣ್ತದೆ."

"ಅಬ್ಬಾ ಅಂತ ಅದಕ್ಕೆ ಗೊತ್ತಾಗಲಿಲ್ವಾ ಸರ್?" ಜಿಕ್ರಾಳ ಸ್ವರ ಎಷ್ಟು ಸಣ್ಣದಿತ್ತೆಂದರೆ ನಟರಾಜು ತಲೆ ಎತ್ತಿ ಅವಳ ತುಟಿ ನೋಡಬೇಕಾಯಿತು. "ದಿನಾ ಮೇವು ಹಾಕೋರು. ಅವರೇ ಎದುರಿಗೆ ಇದ್ದಿದ್ದು."

"ಎದ್ರಿಗೆ ಯಾರವ್ರೆ ಅಂತ ನೋಡ್ಬಾರ್ದು ಅಂತಾನೇ ಕಲ್ಸಿರೋದು ಮಗ. ಅದ್ಕೂ ಅಂಗೇ. ನಮ್ಗೂ ಅಂಗೇ." ನಟರಾಜು ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಒಂದ್ಸಲ ಬಂದೋಬಸ್ತ್‌ಗೆ ಓಗಿದ್ವಿ. ಎದ್ರಿಗೆ ಕನಕರಾಜು, ನನ್ ತಂಗಿ ಗಂಡ. ಬಾವ ಬಾವ ಅಂತ ಕೂಗ್ದ. ನನ್ ಕಿವಿಗೆ ಬಿತ್ತು. ಇದ್ರು ಮೇಲೇ ಕೂತಿದ್ದೆ, ಇದೇ ಸಾರಥಿ ಮೇಲೆ. ಒತ್ತಿದ ಇಮ್ಮಡಿ ಎತ್ನಿಲ್ಲ ನಾನು. ಅವ್ನು ಓಡ್ದ, ಬದುಕ್ದ. ಅವತ್ತಿಂದ ನಮ್ ತಂಗಿ ಮನೆ ನೀರು ಕುಡ್ದಿಲ್ಲ."

ದಾದಿ ಜಪಮಾಲೆಯನ್ನು ಮಡಿಲಿಗೆ ಹಾಕಿಕೊಂಡರು.

"ಅದಕ್ಕೆ ಗೊತ್ತಿರೋದು ಇಷ್ಟೇ ಅಮ್ಮ. ಜನ ಅಂದ್ರೆ ಸರ್ಕತ್ತಾರೆ. ಇವತ್ತಿನವರ್ಗೂ ಸರ್ಕಳ್ದೇ ಇದ್ದೋರ್ನ ಅದು ನೋಡೇ ಇಲ್ಲ. ಸಾಬ್ರು ಲಗಾಮು ಬುಟ್ಟು ಓಡಿದ್ದಿದ್ರೆ..." ಅಂದರು ನಟರಾಜು. ಖದೀರರು ಯಾಕೆ ಬಿಡಲಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವಕಾರ್ ಗೇಟಿನಿಂದ ಬೆನ್ನು ಎತ್ತಿ ಅಂಗಳದ ನಡುವೆ ಬಂದು ನಿಂತ. ಅವನ ಸಿಟ್ಟೆಲ್ಲ ಎಲ್ಲೋ ಹೋಗಿತ್ತು. ಸಿಟ್ಟು ಇದ್ದಾಗಲೇ ಚೆನ್ನಾಗಿತ್ತು ಎಂದು ಜಿಕ್ರಾಳಿಗೆ ಅನಿಸಿತು. ಡಬ್ಬ ಬಡಿಯಲು ಗೆಳೆಯರನ್ನು ಕರೆದು ತಂದವನು ತಾನೇ ಎಂಬುದು ಅವನ ಮುಖದ ಮೇಲೆ ಈಗಷ್ಟೇ ಇಳಿಯುತ್ತಿತ್ತು.

"ನಾನು ಒಂದೇ ಕೇಳೋದು," ಅಂದ. "ಇದು ಇನ್ನೊಂದು ಸಲ ಮಾಡಲ್ಲ ಅಂತ ನೀವು ಹೇಳ್ತೀರಾ?"

ನಟರಾಜು ಕುದುರೆಯ ಕಡೆ ನೋಡಿದರು. ಬಂದಾಗಿನಿಂದ ಅದರ ಮುಖವನ್ನು ಅವರು ನೇರವಾಗಿ ನೋಡಿದ್ದು ಆಗಲೇ. ಸಾರಥಿ ಕಾಲು ಸಮ ಮಾಡಿಕೊಂಡು ಇನ್ನೂ ಹಾಗೇ ನಿಂತಿತ್ತು, ಅವರ ಅಪ್ಪಣೆಗೆ ಕಾಯುತ್ತ.

"ಒಂಟಿಯಾಗಿ ಕಟ್ಟಿದ್ರೆ..." ಅಂದರು.

"ಈ ಮನೇಲಿ ಮದುವೆ ಆಗುತ್ತೆ ಸರ್. ಹಬ್ಬ ಆಗುತ್ತೆ. ನಾಳೆ ಅಬ್ಬಾನ್ನ ನೋಡೋಕೆ ಅಂತ ನಾಲ್ಕು ಜನ ಬಂದು ಗೇಟ್ ಹತ್ರ ಒಟ್ಟಿಗೆ ನಿಂತ್ಕೋತಾರೆ. ನಾನು ಎಲ್ಲರಿಗೂ ಚದುರಿಕೊಂಡು ಬನ್ನಿ ಅಂತ ಹೇಳಲಾ?"

ರಸ್ತೆಯ ತಿರುವಿನಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು ಕೇಳಿತು. ಓಣಿಯ ಅಗಲ ಸಾಲದೆ ಹಿಂದಕ್ಕೂ ಮುಂದಕ್ಕೂ ಮಾಡುತ್ತಿತ್ತು. ಕ್ಲೀನರು ತಗಡು ತಟ್ಟಿ ಮಲಯಾಳಂನಲ್ಲಿ ಏನೋ ಹೇಳಿದ. ದಾದಿ ಎದ್ದು ಒಳಗೆ ಹೋಗುತ್ತಾರೇನೋ ಎಂದು ಜಿಕ್ರಾ ನೋಡಿದಳು. ಅವರು ಏಳಲಿಲ್ಲ.

ವಕಾರ್ ಗೂಟದ ಬಳಿಗೆ ಬಂದು ಹಗ್ಗದ ಗಂಟಿಗೆ ಕೈ ಹಾಕಿದ. ಗಂಟು ಬಿಗಿದಿತ್ತು, ಬಿಚ್ಚಲಾಗಲಿಲ್ಲ. ನಟರಾಜು ಎದ್ದು ಬಂದು ಪಕ್ಕದಲ್ಲಿ ನಿಂತರು, ಆದರೆ ಕೈ ಜೋಡಿಸಲಿಲ್ಲ. ಸಾರಥಿ ಇಬ್ಬರನ್ನೂ ನೋಡಿ, ತಲೆ ಬಾಗಿಸಿ ಜಿಕ್ರಾಳ ಕೈ ಮೂಸಿತು. ಖಾಲಿ ಅಂಗೈ ಅದು. ಆ ತುಟಿ ಅಂಗೈಗೆ ತಾಗಿದ್ದೇ ಅವಳಿಗೆ ಕೈ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ.

ಗೇಟಿನ ಬಳಿ ಆಗಲೇ ನೆರೆಯ ಗಂಡಸರು ಬಂದು ನಿಂತಿದ್ದರು. ಲಾರಿಯವನೂ ಬಂದಿದ್ದ. ಇಷ್ಟು ಜನರ ಮುಂದೆ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ದುಪಟ್ಟಾವನ್ನು ತಲೆಗೆ ಎಳೆದುಕೊಂಡು, ನಟರಾಜು ಅವರ ಮುಖವನ್ನೇ ನೋಡುತ್ತ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅದಕ್ಕೆ ಕಲಿಸಿದ್ದನ್ನ ಮರೆಸಿಕೊಡಿ ಸರ್."